ತೊಂಬತ್ತಾರು ಸಾವಿರವೆಂಬ ನಾಡು

ಬೆಂಗಳೂರಿನ ದಂಡು ಹುಟ್ಟಿದ್ದು 1809ರಲ್ಲಿ. ಅದಕ್ಕೆ ಸಾವಿರ ವರ್ಷ ಮೊದಲೇ ಇಂದಿನ ಶಿವಾಜಿನಗರ, ಹಲಸೂರು, ದೊಮ್ಮಲೂರು, ಇಂದಿರಾನಗರ, ಕೃಷ್ಣರಾಜಪುರಗಳಿರುವ ನೆಲವೆಲ್ಲ ಗಂಗರ ಆಳ್ವಿಕೆಯಲ್ಲಿತ್ತು. ಆ ನಾಡಿಗೆ ಶಾಸನಗಳು ಕೊಡುವ ಹೆಸರು ಗಂಗವಾಡಿ ತೊಂಬತ್ತಾರು ಸಾವಿರ. ಹೆಸರಿನ ಹಿಂದೆ ಸಂಖ್ಯೆ ಅಂಟಿಕೊಂಡೇ ಬರುತ್ತದೆ. ನೆರೆಯ ನೊಳಂಬವಾಡಿಗೆ ಮೂವತ್ತೆರಡು ಸಾವಿರ, ಬನವಾಸಿಗೆ ಹನ್ನೆರಡು ಸಾವಿರ, ಬೆಳ್ವೊಲಕ್ಕೆ ಮುನ್ನೂರು. ಈ ಸಂಖ್ಯೆಗಳು ಏನನ್ನು ಎಣಿಸುತ್ತವೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಸಲೀಸಾದ ಉತ್ತರ ‘ಹಳ್ಳಿಗಳನ್ನು’ ಎಂಬುದು. ಇನ್ನು ಕೆಲವರು ಅದು ನಾಡಿನ ಹುಟ್ಟುವಳಿ ಎನ್ನುತ್ತಾರೆ. ಎರಡೂ ಸರಿಯಲ್ಲ ಎಂಬುದು ಈ ಬರಹದ ವಾದ. 96,000 ಯಾರೋ ಎಣಿಸಿ ತಲುಪಿದ ಮೊತ್ತವಲ್ಲ, ಬೇಕೆಂದೇ ಕಟ್ಟಿದ ಸಂಖ್ಯೆ. ಅದು ನಾಡಿನ ಅಂತಸ್ತನ್ನು ಸಾರುತ್ತಿತ್ತು. ಇದಕ್ಕೆ ಒಂದಷ್ಟು ಸಾಕ್ಷ್ಯ ಕಲ್ಲುಗಳಲ್ಲಿದೆ, ಮತ್ತೊಂದಷ್ಟು ಆ ಸಂಖ್ಯೆಯ ಹೊಟ್ಟೆಯೊಳಗೇ ಇದೆ.

ಮೊದಲು ಕಲ್ಲುಗಳು. ದಂಡಿನ ಉತ್ತರದ ಅಂಚಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು 750ರ ಕಿತ್ತಯ್ಯನ ವೀರಗಲ್ಲು ಆ ಸೀಮೆಯನ್ನು ‘ಪೆರ್ಬೊಳಲ್ನಾಡು ಮೂವತ್ತು’ ಎನ್ನುತ್ತದೆ. ಆಗ ಗಂಗರ ಶ್ರೀಪುರುಷ ಆಳುತ್ತಿದ್ದ. ತೆಂಕಣ ಬೇಗೂರಿನ ಪ್ರಸಿದ್ಧ ವೀರಗಲ್ಲಿನಲ್ಲಿ, ಕಾಳಗದಲ್ಲಿ ಮಡಿದ ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ, ಗಂಗರ ದೊರೆ ಎರೆಯಪ್ಪ ಅವನಿಗೆ ಬೆಂಪೂರು (ಇಂದಿನ ಬೇಗೂರು) ಹನ್ನೆರಡನ್ನು ಕೊಡುತ್ತಾನೆ. ಈ ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕುದುರೆ, ಆನೆ, ಬಿಲ್ಲುಗಾರರು, ಬಿದ್ದ ಹೆಣಗಳು ಒತ್ತೊತ್ತಾಗಿ ತುಂಬಿದ ಯುದ್ಧದೃಶ್ಯಕ್ಕೆ ಅದು ಹೆಸರಾಗಿದೆ. ಆದರೆ ಶಾಸನದ ಸಾಲುಗಳಲ್ಲಿ ಅಷ್ಟೇ ಬೆಲೆಯುಳ್ಳ ಇನ್ನೊಂದು ವಿಷಯವಿದೆ: ಕೊಟ್ಟ ಹಳ್ಳಿಗಳ ಹೆಸರುಗಳು ಒಂದರ ಹಿಂದೊಂದರಂತೆ ಬರುತ್ತವೆ, ಇಗ್ಗಲೂರು ಅವುಗಳಲ್ಲೊಂದು. ಅಂದರೆ ಬೆಂಪೂರು ಹನ್ನೆರಡು ಎಂದಾಗ ಕೆತ್ತಿಸಿದವನ ಮನಸ್ಸಿನಲ್ಲಿ ಬೊಟ್ಟು ಮಾಡಿ ತೋರಿಸಬಹುದಾದ ಹಳ್ಳಿಗಳಿದ್ದವು. ಅದೇ ವಸ್ತುಸಂಗ್ರಹಾಲಯದಲ್ಲಿ ಮದ್ದೂರು ಸೀಮೆಯ ಆತಕೂರಿನಿಂದ ತಂದ, ಶಕ 872ರ ಕಲ್ಲೂ ಇದೆ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲದು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಮೆಚ್ಚಿ ಕೊಟ್ಟ ನಾಡುಗಳ ಪಟ್ಟಿ ಅದರಲ್ಲಿದೆ: ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ಬೂತುಗ ತನ್ನ ಬಂಟ ಮಣಲೆರನಿಗೆ ಕೊಟ್ಟದ್ದು ಆತಕೂರು ಹನ್ನೆರಡು.

ಬೇಗೂರಿನಲ್ಲಿ ಹಳ್ಳಿಗಳ ಹೆಸರೇ ಇರುವಾಗ ಗಂಗವಾಡಿಯ ಸಂಖ್ಯೆಯೂ ಹಳ್ಳಿಗಳದ್ದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಲೆಕ್ಕ ಹಾಕಿ ನೋಡೋಣ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಹಳ್ಳಿಗಳು, ಜನವಸತಿ ಇಲ್ಲದವನ್ನೂ ಸೇರಿಸಿ, 29,340. ಗಂಗವಾಡಿ ಇಂದಿನ ಕರ್ನಾಟಕದ ದಕ್ಷಿಣ ಭಾಗ ಮತ್ತು ಅದರಾಚೆಯ ಸ್ವಲ್ಪ ನೆಲ, ಅಷ್ಟೇ. 96,000 ಹಳ್ಳಿಗಳನ್ನು ಇಡೀ ರಾಜ್ಯದ 1,91,791 ಚದರ ಕಿಲೋಮೀಟರಿನಲ್ಲಿ ಹರಡಿದರೂ ಒಂದೊಂದು ಹಳ್ಳಿಗೆ ಎರಡು ಚದರ ಕಿಲೋಮೀಟರು ಸಿಗುವುದಿಲ್ಲ. ಬಂಡೀಪುರದ ಕಾಡು, ಕೊಡಗಿನ ಬೆಟ್ಟ, ಕೆರೆ, ಗೋಮಾಳ ಎಲ್ಲವನ್ನೂ ಊರೆಂದೇ ಎಣಿಸಿದರೂ ಹೀಗೆ. ರಾಷ್ಟ್ರಕೂಟರ ನಾಡಿಗೆ ಚೋಳ ರಾಜರಾಜನ ಶಾಸನಗಳು ಕೊಡುವ ಸಂಖ್ಯೆ ಇನ್ನೂ ದೊಡ್ಡದು, ಇರಟ್ಟಪಾಡಿ ಏಳೂವರೆ ಲಕ್ಷ. ಇಂದು ಇಡೀ ಭಾರತದ ಹಳ್ಳಿಗಳು ಸುಮಾರು 6.4 ಲಕ್ಷ. ಹಳ್ಳಿಗಳ ವಾದ ಇಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಶಾಸನಗಳಲ್ಲಿ ಒಂದೇ ರೂಪದಲ್ಲಿ ಕಾಣುವ ಸಂಖ್ಯೆಗಳು ಒಂದೇ ಜಾತಿಯವಲ್ಲ ಎಂದು ಒಪ್ಪಬೇಕಾಗುತ್ತದೆ. ಹನ್ನೆರಡು, ಮೂವತ್ತು ಎಂಬವು ಕಣ್ಣಳತೆಯ ಸಂಖ್ಯೆಗಳು. ತೊಂಬತ್ತಾರು ಸಾವಿರ ಆ ಅಳತೆಯನ್ನು ಮೀರಿದ್ದು.

ಹುಟ್ಟುವಳಿಯ ವಾದ ಇಷ್ಟು ಸುಲಭವಾಗಿ ಬೀಳುವುದಿಲ್ಲ, ಏಕೆಂದರೆ ನಾಡಿನ ಆದಾಯ ಎಷ್ಟು ಬೇಕಾದರೂ ಇರಬಹುದು. ಆದರೆ ನಮ್ಮ ಶಾಸನಗಳ ಸ್ವಭಾವವನ್ನು ಗಮನಿಸಬೇಕು. ಹಣದ ಮಾತು ಬಂದಲ್ಲಿ ಅವು ನಾಣ್ಯದ ಹೆಸರನ್ನು ಸಾಮಾನ್ಯವಾಗಿ ಬಿಡುವುದಿಲ್ಲ: ಗದ್ಯಾಣ, ಪಣ, ಪೊನ್ನು. ಭೂಮಿಯ ಮಾತು ಬಂದಲ್ಲಿ ಖಂಡುಗ, ಕೊಳಗ, ಮತ್ತರು. ಇಂದಿರಾನಗರದ ಪಕ್ಕದಲ್ಲೇ ಇರುವ ದೊಮ್ಮಲೂರಿನ ಚೊಕ್ಕನಾಥ ಗುಡಿಯಲ್ಲಿ 1290ರ ತಮಿಳು ಶಾಸನವಿದೆ. ಹೊಯ್ಸಳ ರಾಮನಾಥ ತೊಂಬಲೂರಿನ, ಎಂದರೆ ದೊಮ್ಮಲೂರಿನ, ಆದಾಯದಿಂದ ಹತ್ತು ಪೊನ್ನನ್ನು ದೇವರಿಗೆ ಬಿಟ್ಟದ್ದನ್ನು ಅದು ಹೇಳುತ್ತದೆ. ಹತ್ತೇ ಪೊನ್ನಿನ ಲೆಕ್ಕಕ್ಕೂ ನಾಣ್ಯದ ಹೆಸರು ಬೇಕಾಗಿದ್ದ ಪರಂಪರೆಯಲ್ಲಿ ತೊಂಬತ್ತಾರು ಸಾವಿರದ ಪಕ್ಕ ಯಾವ ಮಾನವೂ ಇಲ್ಲ. ಇನ್ನೊಂದು ಸಂಗತಿ ಕಾಲದ್ದು. ಎಂಟನೆಯ ಶತಮಾನದ ಕೊನೆಯಲ್ಲಿ ರಾಷ್ಟ್ರಕೂಟರು ಗಂಗ ಶಿವಮಾರನನ್ನು ಸೆರೆಯಲ್ಲಿಟ್ಟು ತಮ್ಮ ರಾಜಕುಮಾರನನ್ನು ಗಂಗವಾಡಿಯ ಮೇಲೆ ಕೂರಿಸಿದರು. ಮುಂದೆ ಗಂಗರು ಮರಳಿದರು, ನೊಳಂಬರೊಡನೆ ಕಾದರು, ಗಡಿ ಕಳೆದುಕೊಂಡರು, ಗಡಿ ಗಳಿಸಿದರು. 1004ರ ಸುಮಾರಿಗೆ ರಾಜಧಾನಿ ತಲಕಾಡು ಚೋಳರ ಪಾಲಾಗಿ ಆ ಅರಸುತನವೇ ಮುಗಿಯಿತು. ಆದಾಯವಾಗಿದ್ದರೆ ಈ ಏಳುಬೀಳಿನಲ್ಲಿ ಸಂಖ್ಯೆ ಏರಬೇಕಿತ್ತು, ಇಳಿಯಬೇಕಿತ್ತು. ಅದು ಒಂದು ಗುಲಗಂಜಿಯಷ್ಟೂ ಅಲುಗಲಿಲ್ಲ.

ಇನ್ನು ಸಂಖ್ಯೆಯ ಹೊಟ್ಟೆಯೊಳಗಿನ ಸಾಕ್ಷ್ಯಕ್ಕೆ ಬರೋಣ. ಒಂದಕ್ಕಿಂತ ದೊಡ್ಡ ಯಾವುದೇ ಪೂರ್ಣಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಂದೇ ಒಂದು ಬಗೆಯಲ್ಲಿ ಒಡೆಯಬಹುದು. 96,000ವನ್ನು ಒಡೆದರೆ ಎಂಟು ಎರಡುಗಳು, ಒಂದು ಮೂರು, ಮೂರು ಐದುಗಳು ಸಿಗುತ್ತವೆ, ಬೇರೇನೂ ಇಲ್ಲ. ಏಳಿಲ್ಲ, ಹನ್ನೊಂದಿಲ್ಲ, ಹದಿಮೂರಿಲ್ಲ. ಹಾಗಾಗಿ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 72. ಬೇಗೂರಿನ ಹನ್ನೆರಡು ಅದರಲ್ಲಿ 8,000 ಸಲ ಕೂರುತ್ತದೆ, ಹೆಬ್ಬಾಳದ ಮೂವತ್ತು 3,200 ಸಲ, ಬೆಳ್ವೊಲದ ಮುನ್ನೂರು 320 ಸಲ. ಬನವಾಸಿಯ ಹನ್ನೆರಡು ಸಾವಿರದ ಎಂಟರಷ್ಟು ಗಂಗವಾಡಿ, ನೊಳಂಬವಾಡಿಯ ಮೂವತ್ತೆರಡು ಸಾವಿರದ ಸರಿಯಾಗಿ ಮೂರರಷ್ಟು. ಬ್ರಿಟಿಷರ ಕಾಲದ ದಂಡಿನ ಬಜಾರಿನಲ್ಲಿ ರೂಪಾಯಿಗೆ 16 ಆಣೆ, 192 ಪೈ ಇದ್ದವಷ್ಟೆ. ಆ ಲೆಕ್ಕದಲ್ಲೂ 96,000 ಪೈಗೆ ಚಿಲ್ಲರೆ ಉಳಿಯದಂತೆ 500 ರೂಪಾಯಿ. ಹೀಗೆ ಎರಡು, ಮೂರು, ಐದು ಮಾತ್ರ ಸೇರಿ ಆದ ಸಂಖ್ಯೆಗಳನ್ನು ಗಣಿತಜ್ಞರು ಒಂದು ಪ್ರತ್ಯೇಕ ವರ್ಗವಾಗಿ ಗುರುತಿಸುತ್ತಾರೆ. ಅರವತ್ತರ ಲೆಕ್ಕದಲ್ಲಿ ಬರೆಯುತ್ತಿದ್ದ ಪ್ರಾಚೀನ ಬ್ಯಾಬಿಲೋನಿನ ಲಿಪಿಕಾರರು ಇವುಗಳ ವ್ಯುತ್ಕ್ರಮದ ಕೋಷ್ಟಕಗಳನ್ನೇ ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟುಕೊಂಡಿದ್ದರು, ಏಕೆಂದರೆ ಹಂಚಿಕೆಗೆ ಇವುಗಳಷ್ಟು ಒಗ್ಗುವ ಸಂಖ್ಯೆಗಳು ಬೇರೆ ಇಲ್ಲ. ಒಂದರಿಂದ ಒಂದು ಲಕ್ಷದವರೆಗೆ ಇಂಥವು ಇರುವುದು ಕೇವಲ 313.

ಎಣಿಸಿ, ಅಳೆದು ಬಂದ ಸಂಖ್ಯೆ ಹೇಗಿರುತ್ತದೆ ಎಂಬುದಕ್ಕೆ ಇದೇ ಪೂರ್ವ ಬೆಂಗಳೂರಿನ ನೆಲದಲ್ಲೇ ಒಳ್ಳೆಯ ಉದಾಹರಣೆ ಇದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಮೋಜಣಿದಾರ ವಿಲಿಯಂ ಲ್ಯಾಂಬ್ಟನ್ ತನ್ನ ಮೋಜಣಿಯ ಮೊದಲ ಆಧಾರರೇಖೆಯನ್ನು ಬಾಣಸವಾಡಿಯಿಂದ ಅಗರದವರೆಗೆ ಅಳೆದ. ಇಂದಿನ ನಕ್ಷೆಯಲ್ಲಿ ಆ ಎರಡು ಊರುಗಳ ನಡುವೆ ಗೆರೆ ಎಳೆದರೆ ಅದು ಇಂದಿರಾನಗರ, ದೊಮ್ಮಲೂರುಗಳ ಆಸುಪಾಸಿನಲ್ಲೇ ಹಾದುಹೋಗುತ್ತದೆ. ನೂರು ಅಡಿಯ ಉಕ್ಕಿನ ಸರಪಳಿ, ಅದರಲ್ಲಿ ನಲವತ್ತು ಕೊಂಡಿ. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಪ್ರತಿ ಸಲವೂ ಉಷ್ಣಾಂಶ ನೋಡಿ ತಿದ್ದುಪಡಿ. ಕೊನೆಗೆ ಸಿಕ್ಕ ಉದ್ದ 7.4321 ಮೈಲಿ. ದಶಾಂಶ ತೆಗೆದು 74,321 ಎಂದು ಬರೆದು ಒಡೆಯಿರಿ: 13 ಗುಣಿಸು 5,717. ಎರಡನೆಯದು ಅವಿಭಾಜ್ಯ, ಮುಂದಕ್ಕೆ ಒಡೆಯುವುದಿಲ್ಲ. ಜನಗಣತಿಯ 29,340ನ್ನು ಒಡೆದರೆ 163 ಎಂಬ ಅವಿಭಾಜ್ಯ ತಲೆ ಎತ್ತುತ್ತದೆ. ಲೋಕವನ್ನು ಇದ್ದಂತೆ ಎಣಿಸಿದಾಗ ಬರುವ ಸಂಖ್ಯೆಗಳು ಸಾಮಾನ್ಯವಾಗಿ ಹೀಗೆಯೇ ಇರುತ್ತವೆ. ಎಲ್ಲೋ ಒಂದು ಒರಟು ಗಂಟು ಉಳಿದಿರುತ್ತದೆ. ಊರುಗಳು ಯಾರ ಅನುಕೂಲಕ್ಕೂ ಹನ್ನೆರಡರ ಗುಂಪಿನಲ್ಲಿ ಹುಟ್ಟುವುದಿಲ್ಲ. ಗಂಟೇ ಇಲ್ಲದ ಸಂಖ್ಯೆ ಕಂಡರೆ ಅದನ್ನು ಯಾರೋ ಕೂತು ಕಟ್ಟಿದ್ದಾರೆಂದು ಸಂಶಯಪಡಲು ಕಾರಣವಿದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಎದುರಿಸದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಯಾರಾದರೂ 95,817 ಎಂದು ಎಣಿಸಿ, ಸುಲಭಕ್ಕೆಂದು 96,000 ಎಂದಿರಬಹುದಲ್ಲ? ಸಾವಿರಕ್ಕೆ ಮುಗಿಯುವ ಸಂಖ್ಯೆಯಲ್ಲಿ ಮೂರು ಎರಡುಗಳೂ ಮೂರು ಐದುಗಳೂ ತಾವಾಗಿಯೇ ಇರುತ್ತವೆ, ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನೋಡಬೇಕಾದದ್ದು ಸಾವಿರದ ಹಿಂದಿನ 96, 32, 12ಗಳನ್ನು ಮಾತ್ರ. ನೂರರೊಳಗೆ ಎರಡು-ಮೂರು-ಐದರಿಂದಾದ ಸಂಖ್ಯೆಗಳು 34. ಮೂರು ನಾಡುಗಳ ಸಂಖ್ಯೆಗಳೂ ಆ ಗುಂಪಿಗೇ ಬೀಳುವುದು ಆಕಸ್ಮಿಕವೆಂದರೆ, ಅಂಥ ಆಕಸ್ಮಿಕ ಸುಮಾರು ಇಪ್ಪತ್ತೈದಕ್ಕೆ ಒಂದು ಸಲ ಆಗುವಂಥದ್ದು. ಅಪರೂಪ, ಆದರೆ ಅಸಾಧ್ಯವಲ್ಲ. ಅಪವರ್ತನ ಒಂದನ್ನೇ ನಂಬಿ ಇತಿಹಾಸ ಬರೆಯಲಾಗದು ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ಒಂಟಿ ಸಾಕ್ಷಿಯಲ್ಲ. ಸುಲಭಕ್ಕೆಂದು ದುಂಡಾಗಿಸುವವನು ತೊಂಬತ್ತೈದನ್ನೋ ನೂರನ್ನೋ ಬಿಟ್ಟು ತೊಂಬತ್ತಾರಕ್ಕೆ ಬಂದು ನಿಲ್ಲುವುದೇಕೆ? ಕೈಬೆರಳಿನ ಲೆಕ್ಕಕ್ಕೆ ಅದು ದುಂಡು ಸಂಖ್ಯೆಯೇ ಅಲ್ಲ. ಹನ್ನೆರಡು, ಹದಿನಾರುಗಳಲ್ಲಿ ಪಾಲು ಹಾಕಿ ರೂಢಿಯಿದ್ದ ಮನಸ್ಸಿಗೆ ಮಾತ್ರ ಅದು ದುಂಡು. ನಮ್ಮ ಹಳೆಯ ಲೆಕ್ಕದಲ್ಲಿ ಕಾಲು, ವೀಸ, ಕಾಣಿ ಎಂದು ನಾಲ್ಕರಲ್ಲಿ, ಹದಿನಾರರಲ್ಲಿ, ಅರವತ್ತನಾಲ್ಕರಲ್ಲಿ ಪಾಲು ಮಾಡುತ್ತಿದ್ದದ್ದು ಇಲ್ಲಿ ನೆನಪಿಡಬೇಕಾದ ಸಂಗತಿ.

ನೊಳಂಬರ ನಾಡು ಇನ್ನೂ ನಿಚ್ಚಳವಾದ ಸಾಕ್ಷಿ. ಮೊದಮೊದಲ ಶಾಸನಗಳಲ್ಲಿ ಅವರದು ನೊಳಂಬಳಿಗೆ ಸಾಸಿರ, ಬರೀ ಒಂದು ಸಾವಿರದ ನಾಡು. ಆ ಮನೆತನ ಬಲಿತು, ಗಂಗರಿಗೂ ರಾಷ್ಟ್ರಕೂಟರಿಗೂ ಲೆಕ್ಕಕ್ಕೆ ಬರುವಷ್ಟಾದ ಮೇಲೆ ಅದು ನೊಳಂಬವಾಡಿ ಮೂವತ್ತೆರಡು ಸಾವಿರ. ನೆಲ ಹಿಗ್ಗಿತು ನಿಜ. ಆದರೆ ಹಳ್ಳಿಯಾಗಲಿ ಹುಟ್ಟುವಳಿಯಾಗಲಿ ಕರಾರುವಾಕ್ಕಾಗಿ ಮೂವತ್ತೆರಡು ಪಟ್ಟು, ಅಂದರೆ ಐದು ಸಲ ದ್ವಿಗುಣವಾಗಿ, ಬೆಳೆದು ನಿಂತುಬಿಡುವುದಿಲ್ಲ. ಸಾವಿರದ ಒಡೆಯನಾಗಿದ್ದವನಿಗೆ ಈಗ ಯಾವ ಸಾಲಿನಲ್ಲಿ ಆಸನ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಗಂಗರು ಅವರಿಗಿಂತ ಮೂರು ಪಟ್ಟು ಮೇಲೆ. ಇಬ್ಬರ ಮೇಲೆಯೂ ಏಳೂವರೆ ಲಕ್ಷದ ಇರಟ್ಟಪಾಡಿಯ ಚಕ್ರವರ್ತಿ. ಆತಕೂರಿನ ಕಲ್ಲಿನಲ್ಲೂ ಕೊಡುಗೆಯ ಪಟ್ಟಿ ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತದೆ: 12,000, ಆಮೇಲೆ 300, 300, ಕೊನೆಗೆ 70, 70. ಒಂದಕ್ಕೊಂದು ಹೊಂದಿಕೊಂಡಿದ್ದ ಎರಡು ನಾಡುಗಳಿಗೆ ತಲಾ ಮುನ್ನೂರು, ಇನ್ನೆರಡಕ್ಕೆ ತಲಾ ಎಪ್ಪತ್ತು. ಎಣಿಸಿದ ಊರುಗಳು ಇಷ್ಟು ಜೋಡಿಜೋಡಿಯಾಗಿ ಸರಿಹೋಗುವುದಿಲ್ಲ. ಬೆಂಪೂರು ಹನ್ನೆರಡು, ಆತಕೂರು ಹನ್ನೆರಡು ಎಂಬಲ್ಲೂ ಇದೇ ಅಚ್ಚು. ಹಳ್ಳಿಗಳೇನೋ ನಿಜ, ಆದರೆ ಅವನ್ನು ಹನ್ನೆರಡರ ಕಟ್ಟಾಗಿ ಕಟ್ಟಿದ್ದು ಆಡಳಿತ.

ಎಪ್ಪತ್ತರಲ್ಲಿ ಏಳು ಇದೆಯಲ್ಲ, ಎರಡು-ಮೂರು-ಐದರ ನಿಯಮ ಮುರಿಯಿತಲ್ಲ ಎಂದರೆ, ಹೌದು. ಕಿಸುಕಾಡು, ಬಾಗೆನಾಡು, ನಾಗರಖಂಡ, ಎಲ್ಲವೂ ಎಪ್ಪತ್ತು. ಮಾಸವಾಡಿ 140, ಎಪ್ಪತ್ತರ ಇಮ್ಮಡಿ. ನಿಯಮ ಮುರಿದಲ್ಲೂ ಅಚ್ಚು ಮುರಿದಿಲ್ಲ ಎಂಬುದನ್ನು ಗಮನಿಸಬೇಕು: 67 ಇಲ್ಲ, 73 ಇಲ್ಲ, ಮತ್ತೆ ಮತ್ತೆ ಅದೇ ಎಪ್ಪತ್ತು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಬೆಳ್ವೊಲ, ಪುರಿಗೆರೆಗಳನ್ನು ಸೇರಿಸಿ ಶಾಸನಗಳು ‘ಎರಡರುನೂರು’ ಎನ್ನುತ್ತವೆ, ಅಂದರೆ ಮುನ್ನೂರಕ್ಕೆ ಮುನ್ನೂರು ಕೂಡಿಸಿವೆ. ಬರೀ ಬಿರುದಾಗಿದ್ದರೆ ಕೂಡಿಸುವುದೇಕೆ? ಇದಕ್ಕೆ ನನ್ನ ಉತ್ತರ: ನೂರರ ಮಟ್ಟದಲ್ಲಿ ಸಂಖ್ಯೆ ಇನ್ನೂ ಲೆಕ್ಕವಾಗಿ ಉಸಿರಾಡುತ್ತಿತ್ತು. ಹನ್ನೆರಡರಲ್ಲಿ ಹಳ್ಳಿಯ ಹೆಸರು ಹೇಳಬಹುದು, ಮುನ್ನೂರರಲ್ಲಿ ಕೂಡಿಸಬಹುದು, ಸಾವಿರಗಳಿಗೆ ಬರುವಾಗ ಲೆಕ್ಕ ತೆಳುವಾಗಿ ಅಂತಸ್ತು ದಪ್ಪವಾಗುತ್ತದೆ. ಗೆರೆ ಎಳೆದಂತೆ ಎಲ್ಲಿಯೂ ಬೇರೆಯಾಗುವುದಿಲ್ಲ, ಆದರೆ ಮೇಲಿನ ತುದಿಯಲ್ಲಿ ಏನಿದೆ ಎಂಬುದರಲ್ಲಿ ಅನುಮಾನವಿಲ್ಲ.

ಆ ಕಾಲದವರಿಗೆ ಸಂಖ್ಯೆಯ ಒಳರಚನೆಯ ಮೇಲೆ ಇಷ್ಟು ಗಮನವಿತ್ತೇ? ಇದ್ದೇ ಇತ್ತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲೇ ಮಹಾವೀರಾಚಾರ್ಯ ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ಬರೆದ. ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳ ಹೆಸರು ಅದರಲ್ಲಿವೆ. ಅದಕ್ಕಿಂತ ಚೆಂದದ್ದು, ಗುಣಾಕಾರದ ಭಾಗದಲ್ಲಿ ಬರುವ ಹಾರದಂಥ ಸಂಖ್ಯೆಗಳು, ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವಂಥವು. 14,28,57,143ನ್ನು ಏಳರಿಂದ ಗುಣಿಸಿದರೆ ಎರಡು ತುದಿಗೆ ಒಂದೊಂದು, ನಡುವೆ ಎಲ್ಲ ಸೊನ್ನೆ: 1,00,00,00,001. 1,52,207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 2,79,94,681ನ್ನು 441ರಿಂದ ಗುಣಿಸಿದರೆ 12345654321, ಏರಿ ಇಳಿಯುವ ಮೆಟ್ಟಿಲು. ಕೊನೆಯದರ ಗುಟ್ಟು ಹೀಗೆ: 441 ಇಪ್ಪತ್ತೊಂದರ ವರ್ಗ, ಇನ್ನೊಂದು 5,291ರ ವರ್ಗ, 21ನ್ನೂ 5,291ನ್ನೂ ಗುಣಿಸಿದರೆ 1,11,111. ಆದ್ದರಿಂದ ಗುಣಲಬ್ಧ ಆರು ಒಂದುಗಳ ವರ್ಗ. ಇಂಥದ್ದನ್ನು ಕಾಣಬೇಕಾದರೆ ದೊಡ್ಡ ಸಂಖ್ಯೆಯನ್ನು ಒಡೆದು, ಮತ್ತೆ ಜೋಡಿಸಿ ನೋಡುವ ಅಭ್ಯಾಸ ಬೇಕು. ಹನ್ನೆರಡನೆಯ ಶತಮಾನಕ್ಕೆ ಗಣಿತಜ್ಞ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಇವರಾರೂ ಗಂಗವಾಡಿಯ ಸಂಖ್ಯೆಯನ್ನು ಕಟ್ಟಿದರೆಂದು ನಾನು ಹೇಳುತ್ತಿಲ್ಲ. ಸಂಖ್ಯೆಯನ್ನು ಕಟ್ಟಬಹುದು ಎಂಬ ತಿಳಿವು ಈ ನೆಲದಲ್ಲಿ ಗಟ್ಟಿಯಾಗಿತ್ತು ಎಂಬುದಷ್ಟೇ ನನ್ನ ಮಾತು.

ಚೋಳರು ಬಂದಾಗ ಈ ಪದ್ಧತಿಗೆ ಏನಾಯಿತೆಂಬುದು ಪೂರ್ವ ಬೆಂಗಳೂರಿನ ಕಲ್ಲುಗಳಲ್ಲಿ ಕಾಣುತ್ತದೆ. ಗೆದ್ದ ನಾಡಿಗೆ ಅವರು ಮುಡಿಕೊಂಡ ಚೋಳಮಂಡಲವೆಂದು ಹೆಸರಿಟ್ಟರು. ಮಂಡಲ, ವಳನಾಡು, ನಾಡು, ಊರು ಎಂದು ಹೆಸರುಗಳೇ ಮೆಟ್ಟಿಲಾದವು, ಸಂಖ್ಯೆ ಬಿದ್ದುಹೋಯಿತು. ಚೋಳರು ಹೋಗಿ ಹೊಯ್ಸಳರು ಬಂದ ಮೇಲೂ, ಹದಿಮೂರನೆಯ ಶತಮಾನದಲ್ಲಿ, ದೊಮ್ಮಲೂರು ತಮಿಳು ಶಾಸನಗಳಲ್ಲಿ ಇಲೈಪ್ಪಾಕ್ಕ ನಾಡಿನ, ಎಂದರೆ ಯಲಹಂಕ ನಾಡಿನ, ತೊಂಬಲೂರು. ನಾಡಿಗೆ ಹೆಸರಿದೆ, ಸಂಖ್ಯೆಯಿಲ್ಲ. ಅದೇ ಹೊಯ್ಸಳರು ಕನ್ನಡ ಶಾಸನಗಳಲ್ಲಿ ಮಾತ್ರ ಹಳೆಯ ಸಂಖ್ಯೆಯನ್ನು ಮರಳಿ ಎತ್ತಿಕೊಂಡರು. 1116ರ ಸುಮಾರಿಗೆ ತಲಕಾಡನ್ನು ಗೆದ್ದ ವಿಷ್ಣುವರ್ಧನ ಗಂಗವಾಡಿ ತೊಂಬತ್ತಾರು ಸಾವಿರದ ಒಡೆಯನೆನಿಸಿಕೊಂಡ. ಅವನ ದಂಡನಾಯಕ ಗಂಗರಾಜ ಗಂಗವಾಡಿ ತೊಂಬತ್ತಾರು ಸಾವಿರದ ಬಸದಿಗಳನ್ನೆಲ್ಲ ಜೀರ್ಣೋದ್ಧಾರ ಮಾಡಿಸಿದನೆಂದು ಶ್ರವಣಬೆಳಗೊಳದ ಶಾಸನ ಕೊಂಡಾಡುತ್ತದೆ. ಗಂಗರು ಅಳಿದು ನೂರು ವರ್ಷ ದಾಟಿತ್ತು, ಗಡಿಗಳು ಬದಲಾಗಿದ್ದವು, ಒಂದು ತಲೆಮಾರಿಗೂ ಹೆಚ್ಚು ಕಾಲ ಈ ನೆಲದ ದಾಖಲೆ ತಮಿಳಿನಲ್ಲಿ ನಡೆದಿತ್ತು. ಆದರೂ ಸಂಖ್ಯೆ ಅದೇ. ಎಣಿಕೆಯಾಗಿದ್ದರೆ ಹೊಸ ಅರಸ ಹೊಸದಾಗಿ ಎಣಿಸುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಆ ಹಳೆಯ ಸಿಂಹಾಸನದ ಮರ್ಯಾದೆ.

ಸಂಖ್ಯೆಯೊಂದು ಊರಿನ ಹೆಸರಿನ ಭಾಗವಾಗಿ, ಏನನ್ನೂ ಎಣಿಸದೆ ಬದುಕಬಲ್ಲದೇ ಎಂದು ಅನುಮಾನಿಸುವವರು ತಮ್ಮ ಮನೆಗೆ ಬಂದ ಲಕೋಟೆಯನ್ನು ನೋಡಿದರೆ ಸಾಕು. 1972ರಲ್ಲಿ ಬಂದ ಪಿನ್‌ಕೋಡ್ ಪದ್ಧತಿಯಲ್ಲಿ ಹಲಸೂರು 560008, ಕೃಷ್ಣರಾಜಪುರ 560036, ಇಂದಿರಾನಗರ 560038. ಇಂದಿರಾನಗರ ಹಲಸೂರಿಗಿಂತ ಮೂವತ್ತು ಹೆಚ್ಚೆಂದು ಯಾರೂ ಭಾವಿಸುವುದಿಲ್ಲ. ಮೊದಲ ಅಂಕಿ ವಲಯ, ಮುಂದಿನವು ಜಿಲ್ಲೆ, ಕೊನೆಯವು ಅಂಚೆಮನೆ. ಯಾವುದು ಯಾವುದರೊಳಗೆ ಅಡಗಿದೆ ಎಂಬುದನ್ನು ಅದು ಹೇಳುತ್ತದೆ. ಸಾವಿರ ವರ್ಷದ ನಂತರ ಯಾರಾದರೂ ಅದನ್ನು ಇಂದಿರಾನಗರದ ಜನಸಂಖ್ಯೆಯೆಂದು ಓದಿದರೆ ಆಗುವ ತಪ್ಪನ್ನೇ ನಾವು ಗಂಗವಾಡಿಯ ವಿಷಯದಲ್ಲಿ ಮಾಡುತ್ತಿದ್ದೇವೆ. ಗಂಗವಾಡಿಯಲ್ಲಿ 96,000 ಹಳ್ಳಿಗಳಿದ್ದವೆಂಬ ಮಾತನ್ನು ಪಠ್ಯಗಳಿಂದಲೂ ಪ್ರವಾಸಿ ಕೈಪಿಡಿಗಳಿಂದಲೂ ತೆಗೆದುಹಾಕಬೇಕು. ಅದರ ಬದಲು ಬೇಗೂರಿನ ಕಲ್ಲಿನಲ್ಲಿರುವ ನಿಜವಾದ ಹಳ್ಳಿಗಳ ಹೆಸರುಗಳನ್ನು ಮಕ್ಕಳಿಗೆ ಓದಿಸಬೇಕು. ಆ ಕಲ್ಲೂ ಆತಕೂರಿನ ಕಲ್ಲೂ ಕಸ್ತೂರಬಾ ರಸ್ತೆಯಲ್ಲಿವೆ, ದಂಡಿನಿಂದ ನಡೆದು ಹೋಗುವಷ್ಟು ಹತ್ತಿರ.